ಸಂಭ್ರಮಕ್ಕೆ ಅರ್ಧ, ದುಃಖಕ್ಕೆ ಅರ್ಧ ಅಂತ ಹಂಚಬೇಡಿ

ನಮಸ್ಕಾರ,

ನಿಮ್ಮ ಕಾದಂಬರಿ ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡಿ ಅಂತಲೂ ಹೇಳಲಾರೆ, ವಸ್ತು ಗಟ್ಟಿಯಾಗಿದೆ: ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕ, ನ್ಯೂಯಾರ್ಕ್ ಹತ್ತಿರದ ಲೆವಿಟೌನ್ ಬಡಾವಣೆಯಲ್ಲಿ ಹೊಸ ಮನೆ, 1952ರಲ್ಲಿ ಪೋಲಿಯೊದಿಂದ ಮಗನನ್ನು ಕಳೆದುಕೊಳ್ಳುವ ತಾಯಿ.

ತೊಂದರೆ ಏನಂದ್ರೆ, ಮೊದಲರ್ಧ ಬರೀ ಸಂಭ್ರಮ, ಉಳಿದರ್ಧ ಬರೀ ಅಳು. 'ಆಗ ಅಮೆರಿಕದಲ್ಲಿ ಎಲ್ಲರಲ್ಲೂ ಭರವಸೆ ತುಂಬಿತ್ತು' ಅಂತ ಸುಮ್ನೆ ಹೇಳಿ ಮುಂದೆ ಹೋಗಿದ್ದೀರಿ. ಎಲ್ಲರಲ್ಲೂ ಅಂದರೆ ಯಾರಲ್ಲಿ? 1944ರ ಜಿಐ ಬಿಲ್‌ನಿಂದ, ಅಂದರೆ ಯುದ್ಧ ಮುಗಿಸಿ ಬಂದವರಿಗೆ ನೆರವಾಗುವ ಕಾನೂನಿನಿಂದ, ಸೈನಿಕರಿಗೆ ಸರ್ಕಾರದ ಖಾತ್ರಿಯ ಮೇಲೆ ಮನೆ ಸಾಲ ಸಿಕ್ಕಿತು, ನಿಜ. 1947ರಿಂದ 1951ರೊಳಗೆ ಲೆವಿಟೌನ್‌ನಲ್ಲಿ 17,000ಕ್ಕೂ ಹೆಚ್ಚು ಮನೆ ಎದ್ದವು, ಅದೂ ನಿಜ. ಆದರೆ ಅಲ್ಲಿ ಕಪ್ಪು ಜನರಿಗೆ ಮನೆ ಕೊಡುತ್ತಿರಲಿಲ್ಲ. ನಿಮ್ಮಲ್ಲಿ ಇದರ ಸುಳಿವೇ ಇಲ್ಲ.

ಇನ್ನೊಂದು. ಆ ಮನೆಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಅಂದರೆ ಆ ತಾಯಿ ಪಕ್ಕದ ಮನೆಗೆ ಹೋದರೂ ಅದೇ ಅಡುಗೆಮನೆ, ಅದೇ ಮೂಲೆಯ ಕೋಣೆ. ಅಲ್ಲಿ ಮಾತ್ರ ಮಗು ಆಡ್ತಾ ಇದೆ. ಇದನ್ನು ಬರೆದರೆ ಐದು ಪುಟದ ಅಳು ಬೇಕಾಗುವುದಿಲ್ಲ, ಅಲ್ವಾ?

1955ರ ಏಪ್ರಿಲ್ 12ನ್ನು ಒಂದೇ ಸಾಲಲ್ಲಿ ಮುಗಿಸಿದ್ದೀರಿ, ನನಗೆ ಅದೇ ಜಾಸ್ತಿ ಬೇಸರ. ವಿಜ್ಞಾನಿ ಜೋನಾಸ್ ಸಾಲ್ಕ್ ಅವರ ಪೋಲಿಯೊ ಲಸಿಕೆ ಕೆಲಸ ಮಾಡುತ್ತದೆ ಅಂತ ಘೋಷಣೆಯಾದ ದಿನ ಅದು, ಚರ್ಚುಗಳಲ್ಲಿ ಗಂಟೆ ಬಾರಿಸಿದರು. ಲಸಿಕೆ ಮೊದಲು ಸಿಕ್ಕಿದ್ದು ಒಂದು, ಎರಡನೇ ತರಗತಿಯ ಮಕ್ಕಳಿಗೆ. ನಿಮ್ಮ ಕಥೆಯ ಚಿಕ್ಕ ಮಗಳಿಗೆ ಆಗ ಏಳು ವರ್ಷ. ಶಾಲೆಯಿಂದ ಬಂದ ಒಪ್ಪಿಗೆ ಪತ್ರಕ್ಕೆ ತಾಯಿ ಸಹಿ ಹಾಕಬೇಕು. ಕೆಲವೇ ವಾರಗಳಲ್ಲಿ ಒಂದು ಕಂಪನಿಯ ಲಸಿಕೆಯಿಂದಲೇ ಮಕ್ಕಳಿಗೆ ಪೋಲಿಯೊ ಬಂದು, ಮೇ ತಿಂಗಳಲ್ಲಿ ಲಸಿಕೆ ಹಾಕುವುದನ್ನೇ ಸ್ವಲ್ಪ ಕಾಲ ನಿಲ್ಲಿಸಿದರು. ದೇಶದ ಭರವಸೆಯೂ ಅವಳ ಸಂಕಟವೂ ಆ ಒಂದು ಕಾಗದದ ಮೇಲೆ ಎದುರಾಗುತ್ತವೆ. ಕಾದಂಬರಿಯ ನೋಟ ಹುಟ್ಟಬೇಕಾದ್ದು ಅಲ್ಲಿ.

ನಿಮಗೆ ಇದು ಗೊತ್ತಿಲ್ಲದ್ದಲ್ಲ. ಹಸ್ತಪ್ರತಿ ಜೊತೆಗಿನ ಪತ್ರದಲ್ಲಿ, ತಮ್ಮ ತೀರಿಕೊಂಡ ವರ್ಷವೇ ಅಕ್ಕನ ಮದುವೆಯಾಯಿತು, ಫೋಟೋದಲ್ಲಿ ನಕ್ಕಿದ್ದಕ್ಕೆ ಈಗಲೂ ಸಂಕಟವಾಗುತ್ತದೆ ಅಂತ ಬರೆದಿದ್ದೀರಿ. ಇಡೀ ಹಸ್ತಪ್ರತಿಯಲ್ಲಿ ಅಷ್ಟು ನಿಜವಾದ ಸಾಲು ನನಗೆ ಸಿಗಲಿಲ್ಲ.

'ಬದುಕು ಸಾಗಲೇಬೇಕು' ಅನ್ನುವ ಕೊನೆಯ ಅಧ್ಯಾಯ ತೆಗೆದುಬಿಡಿ. ಸದ್ಯಕ್ಕೆ 1955ರ ಭಾಗ ಮಾತ್ರ ಮತ್ತೆ ಬರೆದು ಕಳುಹಿಸಿ, ಖಂಡಿತ ಓದುತ್ತೇನೆ.