ಬಂಧುಗಳ ಮನೆಯಲ್ಲಿ ತಂಗಿರುವವರು ಸರ್ಕಾರದ ವಸತಿ ನೆರವು ಕೇಳಬಹುದೇ?

ಕೆಲವು ದಿನ ನೆಂಟರ ಮನೆ, ಕೆಲವು ದಿನ ಸ್ನೇಹಿತರ ಮನೆ ಎಂದು ಕಾಲ ತಳ್ಳುತ್ತಿರುವ ನೀವು, ತಲೆಯ ಮೇಲೆ ಸೂರಿರುವಾಗ ಮನೆಯಿಲ್ಲದವರೆಂದು ಹೇಳಿಕೊಳ್ಳುವುದು ಸರಿಯೇ, ಬೀದಿಗೆ ಬೀಳುವವರೆಗೆ ಕಾಯಬೇಕೇ ಎಂದು ಕೇಳಿದ್ದೀರಿ. ಕಾಯಬೇಡಿ.

ಕೆಲಸ ಹೋಗಿ, ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟಾಗ ನಾನು ಹೋದದ್ದು ಅಕ್ಕನ ಮನೆಗೆ. ಅಕ್ಕನಾಗಲಿ ಭಾವನಾಗಲಿ ಒಂದು ಮಾತೂ ಆಡಲಿಲ್ಲ. ಮಕ್ಕಳು ಓದುವ ಕೋಣೆಯಲ್ಲಿ ಅವರ ಓದು ಮುಗಿದ ಮೇಲೆ ಹಾಸಿಗೆ ಬಿಡಿಸಿ, ಅವರು ಏಳುವ ಮೊದಲೇ ಸುತ್ತಿಡುತ್ತಿದ್ದೆ. ನೆರವಿನ ಅರ್ಜಿಯಲ್ಲಿ ಅದೇ ಮನೆಯ ವಿಳಾಸ ಬರೆದೆ, ಅದರಲ್ಲಿ ತಪ್ಪಿರಲಿಲ್ಲ. ಅದರ ಕೆಳಗೆ ವಾಸ ಶಾಶ್ವತವೋ ತಾತ್ಕಾಲಿಕವೋ ಎಂದು ಕೇಳಿದ್ದ ಸಾಲಿನಲ್ಲಿ ‘ಶಾಶ್ವತ’ ಎಂಬುದಕ್ಕೆ ಗುರುತು ಹಾಕಿದೆ. ನನ್ನ ಹಿಂದೆ ಸರತಿಯಲ್ಲಿ ನಿಂತವರೆದುರು ‘ನನಗೆ ಮನೆಯಿಲ್ಲ’ ಎನ್ನಲು ನಾಲಿಗೆ ಏಳದಿದ್ದುದು ಒಂದು ಕಾರಣ. ನೆಲೆಯಿರುವ ಮನುಷ್ಯನೆಂದು ಕಂಡರೆ ಅಧಿಕಾರಿಗಳು ನನ್ನನ್ನು ಹೆಚ್ಚು ನಂಬುತ್ತಾರೆಂದು ಭಾವಿಸಿದ್ದು ಇನ್ನೊಂದು.

ಆ ಒಂದು ಗುರುತಿನಿಂದ ನಾನು ಕಾಗದದ ಮೇಲೆ ಅಕ್ಕನ ಕುಟುಂಬದ ಸದಸ್ಯನಾದೆ. ಕುಟುಂಬದ ಆದಾಯವೆಂದರೆ ಅಕ್ಕ, ಭಾವ ಇಬ್ಬರ ಸಂಬಳವೂ ಸೇರಿತು, ಆದಾಯದ ಮಿತಿ ಮೀರಿತು, ಅರ್ಜಿ ತಿರಸ್ಕೃತವಾಯಿತು. ಆ ಸಂಬಳದಲ್ಲಿ ಒಂದು ಕಾಸೂ ನನ್ನ ಕೈಗೆ ಬರುತ್ತಿರಲಿಲ್ಲವೆಂಬುದು ಅರ್ಜಿಯಲ್ಲಿ ಎಲ್ಲಿಯೂ ಇರಲಿಲ್ಲ, ಏಕೆಂದರೆ ಅದನ್ನು ಹೇಳಬೇಕಾಗಿದ್ದವನು ನಾನು. ತಿರಸ್ಕಾರದ ಪತ್ರ ಅಕ್ಕನ ಮನೆಗೆ ಬರುವಷ್ಟರಲ್ಲಿ ನಾನು ಸ್ನೇಹಿತನ ಮನೆಗೆ ಹೋಗಿದ್ದೆ, ಅದು ನನ್ನ ಕೈ ಸೇರುವ ಹೊತ್ತಿಗೆ ಮೇಲ್ಮನವಿಯ ಅವಧಿ ಮುಗಿದಿತ್ತು. ಹೊಸದಾಗಿ ಅರ್ಜಿ ಹಾಕಿದಾಗ ಹಳೆಯ ಅರ್ಜಿಯೇ ನನಗೆ ಎದುರು ಸಾಕ್ಷಿಯಾಯಿತು: ಹಿಂದೆ ಶಾಶ್ವತವೆಂದು ಬರೆದವರು ಈಗ ತಾತ್ಕಾಲಿಕವೆನ್ನುವುದು ಹೇಗೆ ಎಂದು ಕೇಳಿದರು. ಮನೆಗಾಗಿ ಕಾಯುವವರ ಪಟ್ಟಿಯಲ್ಲಿ ನನ್ನ ಸರದಿಯನ್ನೂ ಎರಡನೆಯ ಅರ್ಜಿಯ ದಿನಾಂಕದಿಂದಲೇ ಎಣಿಸಿದರು.

ಸೂರಿದ್ದರೆ ಮನೆಯಿದ್ದಂತೆ ಎಂಬ ನಿಮ್ಮ ಆಧಾರವನ್ನೇ ನಾನು ಒಪ್ಪುವುದಿಲ್ಲ. ಮನೆಯಿಲ್ಲದವರ ಪರವಾಗಿ ಕೆಲಸ ಮಾಡುವ ಐರೋಪ್ಯ ಸಂಸ್ಥೆಗಳ ಒಕ್ಕೂಟವಾದ ಫೆಯಾಂಟ್ಸಾ ರೂಪಿಸಿದ ‘ಈಥೋಸ್’ ವರ್ಗೀಕರಣದಲ್ಲಿ ನಾಲ್ಕು ಸ್ಥಿತಿಗಳಿವೆ: ಸೂರೇ ಇಲ್ಲದಿರುವುದು, ಆಶ್ರಯತಾಣದಂಥ ಕಡೆ ಇದ್ದರೂ ಮನೆಯಿಲ್ಲದಿರುವುದು, ಭದ್ರತೆಯಿಲ್ಲದ ವಾಸ, ವಾಸಕ್ಕೆ ಯೋಗ್ಯವಲ್ಲದ ಮನೆ. ಬಂಧುಮಿತ್ರರ ಮನೆಯಲ್ಲಿ ತಾತ್ಕಾಲಿಕವಾಗಿ ತಂಗುವುದು ಮೂರನೆಯದರಲ್ಲಿ ಹೆಸರಿಟ್ಟೇ ಸೇರಿದೆ. ಇಂಗ್ಲೆಂಡಿನ 2017ರ ಕಾಯಿದೆಯಂತೂ, ಮುಂದಿನ 56 ದಿನಗಳಲ್ಲಿ ಮನೆ ಕಳೆದುಕೊಳ್ಳುವ ಸಂಭವವಿರುವ ಅರ್ಹರಿಗೂ ಸ್ಥಳೀಯ ಆಡಳಿತ ನೆರವಾಗಬೇಕೆನ್ನುತ್ತದೆ. ಎಲ್ಲ ದೇಶಗಳ ನಿಯಮ ಹೀಗಿಲ್ಲ, ನಿಜ. ಆದರೆ ಬೀದಿಯಲ್ಲಿ ಮಲಗಿದವರಷ್ಟೇ ಅರ್ಹರೆಂದು ನಿಮ್ಮ ಅರ್ಜಿಯನ್ನು ನೀವೇ ತಿರಸ್ಕರಿಸಿಕೊಳ್ಳಬೇಡಿ.

ನಿಮ್ಮ ಬಡಾವಣೆಯಲ್ಲಿ ಈ ವಿಷಯವಾಗಿ ನಡೆಯಲಿರುವ ಸಭೆಯಲ್ಲಿ ಮಾತನಾಡಬೇಕೇ ಎಂದೂ ಕೇಳಿದ್ದೀರಿ. ಅಂಥ ಸಭೆಯೊಂದರಲ್ಲಿ ನಾನೂ ಕುಳಿತಿದ್ದೆ. ಬಂದವರೆಲ್ಲ ಮನೆಯಿಲ್ಲದವರನ್ನು ‘ಅವರು’ ಎಂದೇ ಕರೆಯುತ್ತಿದ್ದರು, ಆಶ್ರಯತಾಣ ಎಲ್ಲಿ ಬೇಡ ಎಂಬುದರ ಸುತ್ತಲೇ ಮಾತು ಸುತ್ತಿತು, ಪಕ್ಕದ ಕುರ್ಚಿಯಲ್ಲಿ ಅಂಥವನೊಬ್ಬ ಇರಬಹುದೆಂದು ಯಾರಿಗೂ ಅನ್ನಿಸಲಿಲ್ಲ. ನಮ್ಮಂಥವರು ಮಾತನಾಡಿದರೆ ಆ ಚರ್ಚೆಯ ದಿಕ್ಕು ಬದಲಾಗುತ್ತದೆಂದು ನಾನು ನಂಬುತ್ತೇನೆ. ಆದರೂ ನಿಮ್ಮ ಕಷ್ಟವನ್ನು ನೆರೆಹೊರೆಯವರ ಮುಂದೆ ಬಿಚ್ಚಿಡುವ ಹಂಗು ನಿಮಗಿಲ್ಲ. ಕಚೇರಿಯ ಕಿಟಕಿಯ ಮುಂದೆ ಮಾತ್ರ ಏನನ್ನೂ ಮುಚ್ಚಿಡಬೇಡಿ. ಅಲ್ಲಿಯ ಅಧಿಕಾರಿ ಎಷ್ಟೇ ಕರುಣೆಯುಳ್ಳವರಾದರೂ ಕಾಗದದಲ್ಲಿ ಇಲ್ಲದ್ದನ್ನು ಅವರು ಮಂಜೂರು ಮಾಡಲಾರರು.

ಅರ್ಜಿಯಲ್ಲಿ ‘ತಾತ್ಕಾಲಿಕ’ ಎಂದೇ ಬರೆಯಿರಿ. ಪತ್ರ ವ್ಯವಹಾರಕ್ಕೆ ನೀವು ಮಲಗುವ ಮನೆಯ ವಿಳಾಸ ಬೇಡ, ಪತ್ರ ಬಂದ ದಿನವೇ ನಿಮಗೆ ಫೋನ್ ಮಾಡಿ ತಿಳಿಸುವವರ ವಿಳಾಸ ಕೊಡಿ. ನೆರವು ಕೊಡಲಾಗುವುದಿಲ್ಲವೆಂದು ಅಧಿಕಾರಿ ಬಾಯಿಮಾತಿನಲ್ಲಿ ಹೇಳಿದರೆ ಕಾರಣವನ್ನೂ ಮೇಲ್ಮನವಿಯ ಕೊನೆಯ ದಿನಾಂಕವನ್ನೂ ಬರಹದಲ್ಲಿ ಕೇಳಿ. ಈಗ ನಿಮಗೆ ಜಾಗ ಕೊಟ್ಟಿರುವವರಿಂದಲೂ ಒಂದು ಪತ್ರ ಬರೆಸಿಕೊಳ್ಳಿ. ನೀವು ಯಾವ ದಿನಾಂಕದಿಂದ ಅಲ್ಲಿದ್ದೀರಿ, ಎಲ್ಲಿಯವರೆಗೆ ಇರಬಹುದು, ಅವರ ಆದಾಯದಲ್ಲಿ ನಿಮಗೆ ಪಾಲಿಲ್ಲ ಎಂಬ ಮೂರು ಸಂಗತಿಗಳು ಅದರಲ್ಲಿದ್ದು, ಕೆಳಗೆ ಸಹಿ ಇದ್ದರೆ ಸಾಕು.