ಹುಳ ಇಲ್ಲದ ವಾರವೇ ನಿದ್ದೆ ಇಲ್ಲ

ನಿದ್ದೆ ಬರಲ್ಲ ಅಂತ ನನ್ನ ಹತ್ತಿರ ಸಲಹೆಗೆ ಬಂದವರು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯವರು. ವಯಸ್ಸು ನಲವತ್ತೈದರ ಆಸುಪಾಸು, ರೇಷ್ಮೆ ಹುಳ ಸಾಕುವ ಮನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹೆಸರು ರತ್ನಮ್ಮ ಅಂತ ಇಟ್ಟುಕೊಳ್ಳೋಣ.

"ಆರು ತಿಂಗಳಿಂದ ಕಣ್ಣಿಗೆ ಕಣ್ಣು ಹತ್ತಿಲ್ಲ" ಅಂದರು. ಕಾರಣ ಏನು ಅಂತ ಮನೆಯವರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು: ಹುಳ. ಅದು ಸುಳ್ಳು ಅನ್ನುವ ಹಾಗೂ ಇಲ್ಲ. ನಾಲ್ಕನೇ ಜ್ವರ (ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಹುಳ ಹಣ್ಣಾಗುವವರೆಗೆ, ಅಂದರೆ ಗೂಡು ಕಟ್ಟಲು ತಯಾರಾಗುವವರೆಗೆ, ಒಂದು ವಾರ ತಿನ್ನುತ್ತಲೇ ಇರುತ್ತದೆ. ಒಂದು ಬೆಳೆಗೆ, ಅಂದರೆ ಒಂದು ಸಲದ ಸಾಕಣೆಗೆ, ಬೇಕಾದ ಸೊಪ್ಪಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ಖಾಲಿಯಾಗುವುದು ಆ ದಿನಗಳಲ್ಲೇ. ರಾತ್ರಿ ಹತ್ತಕ್ಕೆ ಮೇವು, ಬೆಳಗಿನ ಜಾವ ಮತ್ತೆ ಮೇವು. ಬೆಂಗಳೂರಲ್ಲಿ ಕೆಲಸದಲ್ಲಿರುವ ಮಗಳು ನಿದ್ದೆ ಅಳೆಯುವ ವಾಚ್ ಬೇರೆ ತಂದುಕೊಟ್ಟಿದ್ದಳು. ಬೆಳಗ್ಗೆ ಅದರಲ್ಲಿ ಮಾರ್ಕ್ಸ್ ಕಡಿಮೆ ಬಂದರೆ ಇವರಿಗೆ ದಿನವಿಡೀ ಅದೇ ಯೋಚನೆ.

ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗಿ ಬೆಚ್ಚಿ ಏಳುವುದು ಇದೆಯಾ ಅಂತ ಗಂಡನನ್ನು ಕೇಳಿದೆ. ಇಲ್ಲ ಅಂದರು. ಇದ್ದಿದ್ದರೆ ಮೊದಲು ಡಾಕ್ಟರ ಹತ್ತಿರ ಕಳಿಸುತ್ತಿದ್ದೆ. ಮನಸ್ಸು ಕುಗ್ಗಿದೆಯಾ, ಬದುಕೇ ಬೇಡ ಅನ್ನಿಸುತ್ತದಾ ಅಂತಲೂ ಕೇಳಿದೆ. ಹಾಗೇನಿರಲಿಲ್ಲ.

ವಾಚ್ ಬೀರುವಿನಲ್ಲಿಡಿ, ಒಂದು ನೋಟ್‌ಬುಕ್ ಮಾಡಿ ಅಂದೆ. ವಾಚ್ ನೋಡುವುದು ಕೈ ಅಲುಗಾಟ, ನಾಡಿ ಬಡಿತ. ಅದರಿಂದ ನಿದ್ದೆಯನ್ನು ಅಂದಾಜು ಮಾಡುತ್ತದೆ, ಅಷ್ಟೇ. ಅಲುಗಾಡದೆ ಚಾವಣಿ ನೋಡುತ್ತಾ ಬಿದ್ದಿದ್ದರೂ ಅದನ್ನೇ ನಿದ್ದೆ ಅಂತ ಬರೆದುಕೊಳ್ಳಬಹುದು. ನೋಟ್‌ಬುಕ್ಕಿನಲ್ಲಿ ಬರೆಯಬೇಕಾದದ್ದು ಸುಲಭ. ಹಾಸಿಗೆಗೆ ಹೋದ ಹೊತ್ತು, ನಿದ್ದೆ ಹತ್ತಿದ ಹೊತ್ತು, ನಡುವೆ ಎಚ್ಚರ, ಎದ್ದ ಹೊತ್ತು, ಹಗಲು ನಿದ್ದೆ, ಟೀ ಕಾಫಿ, ಆವತ್ತು ಮನೆಯಲ್ಲಿ ಏನು ಕೆಲಸ. ಬರೆಯುವುದು ಬೆಳಗ್ಗೆ ಮಾತ್ರ, ಅದೂ ಅಂದಾಜಿನಲ್ಲಿ. ರಾತ್ರಿ ಗಡಿಯಾರ ನೋಡಲೇಬಾರದು. ನೋಡಿದರೆ "ಇನ್ನು ಮೂರೇ ಗಂಟೆ ಉಳಿದಿದೆ" ಅನ್ನುವ ಲೆಕ್ಕ ಶುರುವಾಗಿ ಇದ್ದ ನಿದ್ದೆಯೂ ಹಾರಿಹೋಗುತ್ತದೆ. ಸಾಮಾನ್ಯವಾಗಿ ಎರಡು ವಾರದ ದಾಖಲೆ ಸಾಕು. ಇವರಿಗೆ ಮಾತ್ರ ಒಂದು ಬೆಳೆ ಪೂರ್ತಿ, ಆಮೇಲಿನ ಬಿಡುವೂ ಸೇರಿಸಿ ಬರೆಯಲು ಹೇಳಿದೆ. ಹುಳಮನೆಯ ಶಾಖ, ತೇವ ದಿನಾ ಬರೆದಿಡುವ ಕೈ ಅದು. ಮೊಟ್ಟೆ ಲೆಕ್ಕದ ಪುಸ್ತಕದಲ್ಲೇ ಎದುರಿನ ಪುಟದಲ್ಲಿ ಬರೆದು ತಂದರು.

ಹುಳ ಜೋರಾಗಿ ಮೇಯುವ ವಾರದ ಪುಟ ಹೀಗಿತ್ತು: "11ಕ್ಕೆ ಮಲಗಿದೆ. ಬಿದ್ದದ್ದೇ ಗೊತ್ತು. 5ಕ್ಕೆ ಎದ್ದೆ." ಗೂಡು ಮಾರಿ ಹುಳಮನೆ ಖಾಲಿಯಾದ ಮೇಲಿನ ಪುಟ ಹೀಗೆ: "8ಕ್ಕೆ ಮಲಗಿದೆ. 10ಕ್ಕೆ ನಿದ್ದೆ. 1ಕ್ಕೆ ಎಚ್ಚರ. 4ರ ಮೇಲೆ ಮತ್ತೆ ಜೋಂಪು. 6ಕ್ಕೆ ಎದ್ದೆ. ಮಧ್ಯಾಹ್ನ ಊಟ ಆಗಿ ಒಂದೂವರೆ ಗಂಟೆ. ಸಂಜೆ 2 ಸಲ ಟೀ."

ಲೆಕ್ಕ ಅವರಿಂದಲೇ ಹಾಕಿಸಿದೆ. ಮೊದಲನೆಯದರಲ್ಲಿ ಹಾಸಿಗೆಯಲ್ಲಿ ಕಳೆದ ಆರು ಗಂಟೆಯಲ್ಲಿ ಹೆಚ್ಚುಕಡಿಮೆ ಅಷ್ಟೂ ನಿದ್ದೆ. ಎರಡನೆಯದರಲ್ಲಿ ಹತ್ತು ಗಂಟೆಯಲ್ಲಿ ನಿದ್ದೆ ಐದೇ. ಹಾಸಿಗೆಯಲ್ಲಿರುವ ಹೊತ್ತಿನಲ್ಲಿ ನೂರಕ್ಕೆ ಸುಮಾರು 85 ಭಾಗ ನಿದ್ದೆಯಾದರೆ ಚೆನ್ನಾಗಿದೆ ಅಂತ ಲೆಕ್ಕ. ಇವರದು ಅರ್ಧ. ಸ್ವಲ್ಪ ಹೊತ್ತು ಪುಟ ತಿರುವಿ ಹಾಕಿ, "ಹಂಗಾದ್ರೆ ಹುಳದ್ದೇನೂ ತಪ್ಪಿಲ್ಲ" ಅಂದರು.

ಹೌದು. ಕೆಲಸದ ವಾರ ಹೋದ ನಿದ್ದೆಯನ್ನು ಬಿಡುವಿನಲ್ಲಿ ತುಂಬಿಕೊಳ್ಳಲು ಹೋಗಿ ಬೇಗ ಮಲಗುತ್ತಿದ್ದರು, ತಡವಾಗಿ ಏಳುತ್ತಿದ್ದರು, ಹಗಲೂ ಮಲಗುತ್ತಿದ್ದರು. ಎಚ್ಚರ ಇದ್ದಷ್ಟೂ ಹೊತ್ತು ನಿದ್ದೆಯ ಒತ್ತಡ ಕೂಡುತ್ತಾ ಹೋಗುತ್ತದೆ. ಮಧ್ಯಾಹ್ನ ಅದನ್ನು ಖರ್ಚು ಮಾಡಿದರೆ ರಾತ್ರಿಗೆ ಉಳಿಯುವುದಿಲ್ಲ ಅಲ್ವಾ? ಕೆಫೀನ್ ಅರ್ಧ ಇಳಿಯಲೇ ಸುಮಾರು ಐದು ಗಂಟೆ ಬೇಕು, ಹಾಗಾಗಿ ಸಂಜೆಯ ಟೀಯದ್ದೂ ಪಾಲಿತ್ತು.

ಸಲಹೆ ಇಷ್ಟು: ಹುಳ ಇರಲಿ ಬಿಡಲಿ, ಏಳುವುದು 5ಕ್ಕೇ. ರಾತ್ರಿ 10:30ಕ್ಕೆ ಮೊದಲು ಹಾಸಿಗೆ ಬೇಡ. ಮಧ್ಯಾಹ್ನ ಬೇಕೇ ಬೇಕು ಅನ್ನಿಸಿದರೆ ಅರ್ಧ ಗಂಟೆ, ಮೂರರೊಳಗೆ. ಕೊನೆಯ ಟೀಯೂ ಅಷ್ಟರೊಳಗೆ. ನಿದ್ದೆ ಬರದೆ ಹೊರಳಾಡುವಂತಾದರೆ ಎದ್ದು ಬೇರೆ ಕಡೆ, ಮಂದ ಬೆಳಕಲ್ಲಿ ಕೂತು ಬೇಜಾರಿನ ಕೆಲಸ ಏನಾದರೂ ಮಾಡಿ, ತೂಕಡಿಕೆ ಬಂದಾಗ ಹೋಗಿ ಮಲಗಿ. ಅವರೆಕಾಯಿ ಕಾಲ. "ಹಿತಕಿದಬೇಳೆ ಮಾಡ್ಕೊಂತೀನಿ ಬಿಡಿ" ಅಂದರು. ಅದಕ್ಕಿಂತ ಒಳ್ಳೆಯ ಕೆಲಸ ನನಗೂ ಹೊಳೆಯಲಿಲ್ಲ.

ಹೀಗೆ ಹಾಸಿಗೆಯಲ್ಲಿರುವ ಹೊತ್ತು ಕಡಿಮೆ ಮಾಡಿದಾಗ ಮೊದಲ ಒಂದೆರಡು ವಾರ ಹಗಲು ಮಂಪರು ಜಾಸ್ತಿ. ಸೊಪ್ಪು ಕತ್ತರಿಸುವ ಯಂತ್ರ, ಗಾಡಿ ಮುಟ್ಟಬೇಡಿ ಅಂತ ಗಟ್ಟಿಯಾಗಿ ಹೇಳಿದೆ. ಮೂರ್ಛೆ ರೋಗ, ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಅತಿ ಬೇಸರಕ್ಕೂ ಹೊರಳುವ ಕಾಯಿಲೆ) ಇರುವವರು ಡಾಕ್ಟರನ್ನು ಕೇಳದೆ ಇದನ್ನು ಮಾಡಲೇಬಾರದು. ನಿದ್ದೆಗೇಡಿನ ಜೊತೆ ಮನಸ್ಸೂ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ಬೆಳೆ ಮುಗಿಸಿ ಬಂದಾಗ ಬಿಡುವಿನ ವಾರದ ಪುಟಗಳಲ್ಲಿ ನಡುರಾತ್ರಿಯ ಎಚ್ಚರ ಅರ್ಧ ಗಂಟೆಗೆ ಇಳಿದಿತ್ತು. ಅದನ್ನು ನೋಡಿ ಮಲಗುವ ಹೊತ್ತನ್ನು ಹತ್ತಕ್ಕೆ ತಂದೆವು. ಒಂದು ರಾತ್ರಿ ಮಾತ್ರ ಎರಡೂ ಬೆಳೆಯಲ್ಲಿ ಹಾಗೇ ಇತ್ತು: ಗೂಡು ಮಾರ್ಕೆಟ್ಟಿಗೆ ಹೋಗುವ ಹಿಂದಿನ ರಾತ್ರಿ. ನಾಳೆ ರೇಟು ಏನಾಗುತ್ತದೋ ಅಂತ ಎಚ್ಚರ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ, ಬೇಕು ಅಂತಲೂ ಅನ್ನಿಸಲಿಲ್ಲ. ಆ ಒಂದು ರಾತ್ರಿ ಹೋದರೆ ಹೋಗಲಿ, ಮರುದಿನ ಬೇಗ ಮಾತ್ರ ಮಲಗಬೇಡಿ ಅಂದೆ.

ಈಗ ಬರೆಯುವುದನ್ನೂ ನಿಲ್ಲಿಸಲು ಹೇಳಿದ್ದೇನೆ. ದಿನಾ ಲೆಕ್ಕ ಇಡುತ್ತಾ ಕೂತರೆ ನೋಟ್‌ಬುಕ್ಕೂ ಇನ್ನೊಂದು ವಾಚ್ ಆಗುತ್ತದೆ. ಮತ್ತೆ ನಿದ್ದೆ ಕೆಟ್ಟರೆ ಎರಡು ವಾರ ಬರೆದು ತನ್ನಿ ಅಂದಿದ್ದೇನೆ.