ಮೂಲೆಗೆ ಎಸೆದ ಎಣ್ಣೆ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದೇಕೆ?

ಪ್ರಶ್ನೆ: ನಮ್ಮದು ಫರ್ನಿಚರ್ ಅಂಗಡಿ. ಸಂಜೆ ಬಾಗಿಲುಗಳಿಗೆ ಲಿನ್ಸೀಡ್ ಆಯಿಲ್ ಒರೆಸಿ, ಬಟ್ಟೆಗಳನ್ನು ಮೂಲೆಗೆ ಎಸೆದು ಮನೆಗೆ ಹೋದೆವು. ಮೇನ್ ಸ್ವಿಚ್ ಆಫ್ ಆಗಿತ್ತು. ಬೀಡಿ ಸೇದುವವರೂ ಇಲ್ಲ. ರಾತ್ರಿ ಆ ಮೂಲೆಯಿಂದಲೇ ಬೆಂಕಿ ಎದ್ದಿದೆ. ಆಗದವರು ಮಾಟ ಮಾಡಿಸಿದ್ದಾರೆ, ತೆಗೆಸಬೇಕು ಅಂತಾರೆ. ಏನು ಮಾಡಲಿ?

ಉತ್ತರ: ಮಾಟ ತೆಗೆಯುವವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಬೆಂಕಿ ಹುಟ್ಟಿದ್ದು ಆ ಬಟ್ಟೆಯಲ್ಲೇ. ಇಂಥ ಪತ್ರ ನನಗೆ ಬರುತ್ತಲೇ ಇರುತ್ತದೆ. ಪ್ರತಿ ಸಲವೂ ಮಾಟದ ಮಾತು ಮೊದಲು, ಎಣ್ಣೆ ಬಟ್ಟೆಯ ಮಾತು ಕೊನೆಗೆ. ಸಿಟ್ಟು ಬರುವುದು ಅದಕ್ಕೇ.

ಲಿನ್ಸೀಡ್ ಆಯಿಲ್ ಅಂದರೆ ನಮ್ಮ ಅಗಸೆ ಎಣ್ಣೆ. ಅದು ನೀರಿನ ಹಾಗೆ ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾಗುವಾಗ ಬಿಸಿ ಹುಟ್ಟುತ್ತದೆ. ಬಾಗಿಲ ಮೇಲೆ ತೆಳ್ಳಗೆ ಹಚ್ಚಿದಾಗ ಆ ಬಿಸಿ ಸುಮ್ನೆ ಗಾಳಿಗೆ ಹೋಗುತ್ತದೆ. ಡಬ್ಬಿಯಲ್ಲಿದ್ದರೆ ಗಾಳಿ ತಾಗುವುದು ಮೇಲಿನ ಪದರಕ್ಕೆ ಮಾತ್ರ. ಬಟ್ಟೆಯಲ್ಲಿ ಒಂದೊಂದು ನೂಲಿನ ಸುತ್ತಲೂ ಎಣ್ಣೆ, ನೂಲುಗಳ ನಡುವೆ ಗಾಳಿ. ಮುದ್ದೆ ಮಾಡಿ ಎಸೆದರೆ ಒಳಗಿನ ಬಿಸಿಗೆ ಹೊರದಾರಿ ಇಲ್ಲ. ಬಿಸಿ ಏರಿದಷ್ಟೂ ಎಣ್ಣೆ ಇನ್ನೂ ಜೋರಾಗಿ ಆಮ್ಲಜನಕ ಎಳೆಯುತ್ತದೆ, ಇನ್ನೂ ಬಿಸಿಯಾಗುತ್ತದೆ. ಕೆಲವೇ ಗಂಟೆಗಳಲ್ಲಿ ಹೊಗೆ, ಆಮೇಲೆ ಬೆಂಕಿ. ಕಿಡಿ ಬೇಕೇ ಇಲ್ಲ. 'ಬಾಯ್ಲ್ಡ್' ಅಂತ ಮಾರುವ ಎಣ್ಣೆಗೆ ಬೇಗ ಒಣಗಲೆಂದು ಲೋಹದ ಲವಣ ಬೆರೆಸಿರುತ್ತಾರೆ. ಅದು ಇನ್ನೂ ಜಾಸ್ತಿ ಅಪಾಯ.

ಪರಿಚಯದವರ ವರ್ಕ್‌ಶಾಪಿನಲ್ಲಿ ಒಮ್ಮೆ ಇಂಥ ರಾಶಿಯೊಳಗೆ ಕೈ ಹಾಕಿದ್ದೆ. ಮೇಲೆ ತಣ್ಣಗಿತ್ತು. ಒಳಗೆ, ಆಗಷ್ಟೇ ಬೇಯಿಸಿದ ರೊಟ್ಟಿ ಸುತ್ತಿಟ್ಟ ಬಟ್ಟೆಯ ಹಾಗೆ ಬಿಸಿ. ಮೂಗಿಗೆ ಹಸಿ ಪೇಂಟಿನ ಘಾಟು. ಬಿಡಿಸಿ ನೋಡಿದರೆ ನಡುವಿನ ಬಟ್ಟೆ ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು. ಆವತ್ತಿನ ಭಯ ನನಗೆ ಇನ್ನೂ ಹೋಗಿಲ್ಲ.

ಅಮೆರಿಕದ ಫಿಲಡೆಲ್ಫಿಯಾದಲ್ಲಿ ಒನ್ ಮೆರಿಡಿಯನ್ ಪ್ಲಾಜಾ ಎಂಬ 38 ಅಂತಸ್ತಿನ ಕಟ್ಟಡ ಇತ್ತು. 1991ರ ಫೆಬ್ರವರಿ 23ರ ರಾತ್ರಿ ಅದು ಹೊತ್ತಿ ಉರಿದಿದ್ದು ಇಂಥ ಬಟ್ಟೆಗಳಿಂದಲೇ. 22ನೇ ಮಹಡಿಯಲ್ಲಿ ಮರಗೆಲಸದವರು ಬಿಟ್ಟು ಹೋಗಿದ್ದರು. ಬೆಂಕಿ ಆರಿಸಲು ಹೋದ ಮೂವರು ಸಿಬ್ಬಂದಿ ಜೀವ ಬಿಟ್ಟರು. 30ನೇ ಮಹಡಿಯಲ್ಲಿ ಬೆಂಕಿಯ ಬಿಸಿಗೆ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ಇದ್ದವು, ಬೆಂಕಿ ಅಲ್ಲಿ ನಿಂತಿತು.

ಇನ್ನು ಮುಂದೆ ಕೆಲಸ ಮುಗಿದ ತಕ್ಷಣ ಬಟ್ಟೆಗಳನ್ನು ಹೊರಗೆ ತಂತಿಯ ಮೇಲೆ ಒಂದೊಂದಾಗಿ ಹರವಿ. ಒಂದರ ಮೇಲೊಂದು ಬೇಡ. ಹಪ್ಪಳದ ಹಾಗೆ ಸೆಟೆದು ನಿಂತ ಮೇಲೆ ಎಸೆಯಿರಿ. ಅಷ್ಟು ಜಾಗ ಇಲ್ಲವಾ? ತಗಡಿನ ಡಬ್ಬಿಗೆ ನೀರು ತುಂಬಿ, ಬಟ್ಟೆ ಮುಳುಗಿಸಿ, ಮುಚ್ಚಳ ಹಾಕಿಡಿ. ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ನಾಳೆ ನೋಡೋಣ ಅನ್ನಬೇಡಿ.

ಪ್ರಶ್ನೆ: ಕೊಬ್ಬರಿ ಎಣ್ಣೆ ಬಟ್ಟೆಗೂ ಹೀಗಾಗುತ್ತಾ?

ಉತ್ತರ: ಅದು ಒಣಗುವ ಎಣ್ಣೆಯೇ ಅಲ್ಲ, ಚಿಂತೆ ಬಿಡಿ. ಮನೆಯ ಅಗಸೆ ಚಟ್ನಿಪುಡಿಗೂ ಹೆದರಬೇಡಿ.

ಪ್ರಶ್ನೆ: ಬೇಸಿಗೆಯಲ್ಲಿ ಫುಲ್ ಟ್ಯಾಂಕ್ ಮಾಡಿಸಿದರೆ ಪೆಟ್ರೋಲ್ ತಾನಾಗಿ ಹೊತ್ತಿಕೊಳ್ಳುತ್ತೆ ಅಂತ ಮೆಸೇಜ್ ಬಂದಿದೆ, ನಿಜವಾ?

ಉತ್ತರ: ಸುಳ್ಳು. ಪೆಟ್ರೋಲ್ ಆವಿಗೆ ಕಿಡಿ ಬೇಕು. ಕಿಡಿ ಇಲ್ಲದೆ ಹೊತ್ತಬೇಕಾದರೆ ಬಿಸಿ 200 ಡಿಗ್ರಿ ದಾಟಬೇಕು. ಆ ಮೆಸೇಜ್ ಮುಂದೆ ಕಳಿಸಬೇಡಿ.

ಪ್ರಶ್ನೆ: ಒಬ್ಬರು ಕಡ್ಡಿ ಗೀರದೆ, ತುಪ್ಪ ಸುರಿದೇ ಹೋಮ ಹೊತ್ತಿಸಿದರು.

ಉತ್ತರ: ಅದು ತುಪ್ಪ ಅಲ್ಲ, ಗ್ಲಿಸರಿನ್. ಕೆಳಗಿದ್ದದ್ದು ಪೊಟ್ಯಾಸಿಯಂ ಪರ್ಮಾಂಗನೇಟ್. ಎರಡೂ ಸೇರಿದರೆ ಕಡ್ಡಿ ಇಲ್ಲದೆಯೇ ಹೊತ್ತಿಕೊಳ್ಳುತ್ತದೆ. ಕಾಣಿಕೆ ಹಾಕಬೇಡಿ.

ಪ್ರಶ್ನೆ: ಸೋಡಿಯಂ ನೀರಿನೊಳಗೆ ಇಡಬಹುದಾ?

ಉತ್ತರ: ಖಂಡಿತ ಬೇಡ! ನೀರಿನಲ್ಲಿ ಇಡುವುದು ಬಿಳಿ ರಂಜಕವನ್ನು. ಅದು 30 ಡಿಗ್ರಿ ಸುಮಾರಿಗೇ ಗಾಳಿಯಲ್ಲಿ ಹೊತ್ತುತ್ತದೆ. ಸೋಡಿಯಂ ಇಡುವುದು ಸೀಮೆಎಣ್ಣೆಯಲ್ಲಿ.

ಪ್ರಶ್ನೆ: ಒದ್ದೆ ಮೇವಿನ ಬಣವೆಗೆ ಬೆಂಕಿ ಹತ್ತಲು ಸಾಧ್ಯವೇ?

ಉತ್ತರ: ಸಾಧ್ಯ. ಹಸಿ ಮೇವಿನಲ್ಲಿ ಮೊದಲು ಸೂಕ್ಷ್ಮಜೀವಿಗಳು ಬಿಸಿ ಏರಿಸುತ್ತವೆ, ಆಮೇಲೆ ಎಣ್ಣೆ ಬಟ್ಟೆಯ ಕಥೆಯೇ. ಹೊಸ ಬಣವೆಗೆ ಕಬ್ಬಿಣದ ಸಲಾಕೆ ಚುಚ್ಚಿಟ್ಟು, ಸ್ವಲ್ಪ ಹೊತ್ತು ಬಿಟ್ಟು ತೆಗೆದು ಮುಟ್ಟಿ ನೋಡಿ. ಹಿಡಿಯಲಾಗದಷ್ಟು ಬಿಸಿ ಇದ್ದರೆ ಬಣವೆ ಕೆದರಬೇಡಿ, ಮೇಲೆ ಹತ್ತಬೇಡಿ. ಗಾಳಿ ನುಗ್ಗಿದರೆ ಒಮ್ಮೆಲೇ ಭಗ್ಗನೆ ಹೊತ್ತಿಕೊಳ್ಳುತ್ತದೆ. ಮೊದಲು 101ಕ್ಕೆ ಫೋನ್ ಮಾಡಿ.